ಎಡಗಿವಿಯ ಪಾಲು

ಶುರು ಮಾಡಿದ್ದು: ನವೆಂಬರ್ 9, 2025, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಕೊಳ್ಳೇಗಾಲ, ನಮ್ಮ ಮನೆಯ ಮಹಡಿ ಮೆಟ್ಟಿಲು.

ಸಾವಿರ ರೂಪಾಯಿಯೊಳಗೆ, ಫೋನಿನಲ್ಲಿ ಹಾಡು ಕೇಳಲು ಕಿವಿಗೆ ಹಾಕಿಕೊಳ್ಳುವಂಥದ್ದು ಯಾವುದು ಒಳ್ಳೆಯದು ಎಂದು ಒಂದು ತಿಂಗಳಿಂದ ಹುಡುಕಿದ್ದೇನೆ. ಆ ಹುಡುಕಾಟವನ್ನೇ ಬರೆದಿಡೋಣವೆಂದು ಕೂತೆ. ಸಂಗೀತದ ಮೇಲಿನ ಪ್ರೀತಿಯಿಂದ ಹುಡುಕಿದೆ ಎಂದು ಬರೆದರೆ ನೋಡಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಹುಡುಕಿದ್ದು ಹೊಟ್ಟೆಕಿಚ್ಚಿನಿಂದ.

ನಾನು ಯಳಂದೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು, ಜೆರಾಕ್ಸ್. ನನ್ನ ಗೆಳತಿ ಅದೇ ಬೀದಿಯ ಮೆಡಿಕಲ್ ಸ್ಟೋರಿನಲ್ಲಿದ್ದಾಳೆ. ಅವಳ ಊರು ಹನೂರು. ಬೆಳಿಗ್ಗೆ ಹನೂರಿನಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ತನ್ನ ಬಲಗಡೆ ಸೀಟಿನ ಮೇಲೆ ಬ್ಯಾಗು ಇಟ್ಟುಕೊಳ್ಳುತ್ತಾಳೆ. ಮಧುವನಹಳ್ಳಿಯಲ್ಲಿ ನುಗ್ಗುವವರ ಹತ್ತಿರ ಬೈಸಿಕೊಂಡಾದರೂ ಕೊಳ್ಳೇಗಾಲದವರೆಗೆ ಆ ಸೀಟು ಉಳಿಸಿಕೊಂಡು ಬರುತ್ತಾಳೆ. ನಾನು ಹತ್ತಿದ ಮೇಲೆ ಬ್ಯಾಗು ಅವಳ ಮಡಿಲಿಗೆ ಹೋಗುತ್ತದೆ. ಎರಡು ವರ್ಷದಿಂದ ಹೀಗೆಯೇ. ಅವಳು ಬಾರದ ದಿನಗಳನ್ನು ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಗುರುತು ಮಾಡುತ್ತೇನೆ. ಹೋದ ವರ್ಷ ಹನ್ನೊಂದು ಗೀಟು.

ನಮ್ಮಿಬ್ಬರ ನಡುವೆ ಒಂದು ವೈರಿನ ಇಯರ್‌ಫೋನು ಇತ್ತು. ಹನೂರಿನಲ್ಲಿ ಅವಳು ಕೊಂಡು ತಂದದ್ದು. ಆಗ ಬಿಳಿ, ಈಗ ಹಳದಿ. ಫೋನು ನನ್ನದು, ಅದಕ್ಕಿನ್ನೂ ದುಂಡು ಪಿನ್ನಿನ ತೂತು ಇದೆ. ಎಡಗಡೆಯದು ನನ್ನ ಎಡಗಿವಿಗೆ, ಬಲಗಡೆಯದು ಅವಳ ಬಲಗಿವಿಗೆ. ವೈರು ಗಿಡ್ಡ. ಒಬ್ಬಳು ಕೆಮ್ಮಿದರೆ ಇನ್ನೊಬ್ಬಳ ಕಿವಿಯಿಂದ ಕಳಚಿ ಬೀಳುತ್ತಿತ್ತು. ಕಂಡಕ್ಟರು ಉಚಿತ ಟಿಕೆಟ್ ಹರಿಯಲು ಬಂದಾಗ ಆಧಾರ್ ಕಾರ್ಡು ತೋರಿಸಲು ಇಬ್ಬರೂ ಒಟ್ಟಿಗೇ ಬಗ್ಗಬೇಕು.

"ಅಗ್ಗ ಕಟ್ಟಿರೋ ಜೋಡೆತ್ತು ಕಣವ್ವ ನೀವು," ಎನ್ನುತ್ತಿದ್ದರು ಅವರು. "ಒಂದ್ನ ಇಳ್ಸುದ್ರ ಇನ್ನೊಂದೂ ಇಳೀತದ."

ಅಕ್ಟೋಬರ್ 6, ಸೋಮವಾರ. ಬಸ್ಸು ಹತ್ತಿದಾಗ ಬ್ಯಾಗು ಸೀಟಿನ ಮೇಲೇ ಇತ್ತು, ಗೆಳತಿಯೂ ಇದ್ದಳು. ಆದರೆ ಅವಳ ಕುತ್ತಿಗೆಯಲ್ಲಿ ಕಪ್ಪು ನೆಕ್‌ಬ್ಯಾಂಡು ಇತ್ತು. ಎರಡೂ ಕಿವಿ ಭರ್ತಿ.

"ಎಂಗದ?" ಎಂದು ಕತ್ತು ತಿರುಗಿಸಿ ತೋರಿಸಿದಳು.

"ಯಾರು ಕೊಡ್ಸಿದ್ದು?"

"ಇನ್ಯಾರು. ಅವ್ರು."

ಅವ್ರು ಎಂದರೆ ಹುಡುಗ. ಆಗಸ್ಟಿನಲ್ಲಿ ನಿಶ್ಚಿತಾರ್ಥವಾಗಿತ್ತು. ಯಳಂದೂರಿನ ಆಚೆಯ ಒಂದು ಹಳ್ಳಿಯವರು, ಲೈನ್‌ಮನ್. ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಅವರೇ ಎರಡನೇ ಸಲ ಪಾಯಸ ಬಡಿಸಿದ್ದರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ವೈರು ತೆಗೆದು ಅವಳ ಪಾಲಿನದನ್ನು ಮುಂದೆ ಹಿಡಿದೆ.

"ಇವತ್ತೊಂದಿನ ಬ್ಯಾಡ ಕಣಮ್ಮಿ," ಎಂದಳು. "ಫೋನ್ ಬತ್ತದ."

ಬಂತು. ಅವರು ಕಂಬ ಹತ್ತುವುದಕ್ಕೆ ಮೊದಲು ಸಿಗುವ ಬಿಡುವು, ನಮ್ಮ ಬಸ್ಸು ಕೊಳ್ಳೇಗಾಲ ಬಿಟ್ಟು ಯಳಂದೂರು ಸೇರುವ ಹೊತ್ತು, ಎರಡೂ ಒಂದೇ. ಅವಳು ಕಿಟಕಿಯ ಕಡೆ ತಿರುಗಿ "ಹೂಂ" "ಹೂಂ" ಎನ್ನುತ್ತಿದ್ದಳು. ಮಾತು ಮಾತಿಗೂ ಹಕಾರ ಬಿಡುವವಳು ಅವರಿಗೆ ಮಾತ್ರ ಪೂರ್ತಿ "ಹೂಂ" ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಇಂಥವು ನನಗೆ ಬೇಗ ಕೇಳಿಸುತ್ತವೆ.

ಆ ದಿನ ನಾನು ಎಡಗಡೆಯದನ್ನು ಮಾತ್ರ ಹಾಕಿಕೊಂಡೆ. ಬಲಗಡೆಯದು ಸೀಟಿನ ಮೇಲೆ ನೇತಾಡುತ್ತಿತ್ತು. ಅದು ನನ್ನದಲ್ಲ. ಅವಳು ಹಾಕಿಕೊಳ್ಳಲಿಲ್ಲವೆಂದು ನಾನು ತೆಗೆದುಕೊಂಡರೆ, ಅವಳು ಬಿಟ್ಟು ಹೋದಳೆಂದು ನಾನೇ ಒಪ್ಪಿಕೊಂಡಂತಾಗುತ್ತದೆ. ಮರುದಿನವೂ ಹಾಗೆಯೇ ಬಿಟ್ಟೆ. ಅದರ ಮರುದಿನವೂ. ಅವಳಿಗೆ ಕಾಣಲಿ ಎಂದು ಸ್ವಲ್ಪ ಅವಳ ಕಡೆಗೇ ಜಾರಿಸಿದ್ದೂ ಉಂಟು.

ಅದೇ ವಾರ ನಾನು ಹುಡುಕಲು ಶುರು ಮಾಡಿದೆ. ಹುಡುಗ ಕೊಡಿಸಿದ್ದಕ್ಕಿಂತ ಒಳ್ಳೆಯದು ನನ್ನ ಕಿವಿಯಲ್ಲಿರಬೇಕು, ಅವಳು ಅದನ್ನು ಕೇಳಿ ಇದ್ಯಾವುದು ಎಂದು ಕೇಳಬೇಕು. ಗುರಿ ಇಷ್ಟೇ. ಒಂದು ಹಾಳೆಯಲ್ಲಿ ಐದು ಕಾಲಂ ಎಳೆದೆ: ಧ್ವನಿ, ಕಿವಿಯಲ್ಲಿ ನಿಲ್ಲುವುದು, ಮೈಕು, ಚಾರ್ಜು, ವಾರಂಟಿ. ತಲಾ ಹತ್ತು ಅಂಕ. ಕೊಳ್ಳೇಗಾಲದಲ್ಲಿ ನಾಲ್ಕು ಅಂಗಡಿ, ಯಳಂದೂರಿನಲ್ಲಿ ಒಂದು. ಒಂದು ಭಾನುವಾರ ಹನೂರಿಗೂ ಹೋದೆ. ಗೆಳತಿಯ ಮನೆಗೆ ಹೋಗಲಿಲ್ಲ.

ತಿಳಿದುಕೊಂಡದ್ದನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ವೈರಿಲ್ಲದ ಪುಟ್ಟ ಬಡ್ಸು ನೋಡಲು ಚೆಂದ, ಆದರೆ ನಮ್ಮ ರಸ್ತೆಯ ಉಬ್ಬಿಗೆ ಒಂದು ಹಾರಿ ಸೀಟಿನಡಿಗೆ ಹೋದರೆ ಉಳಿದದ್ದು ಓಲೆಯಷ್ಟೇ. ನೆಕ್‌ಬ್ಯಾಂಡು ಬಿದ್ದರೂ ಕುತ್ತಿಗೆಯಲ್ಲಿರುತ್ತದೆ, ಚಾರ್ಜೂ ಹೆಚ್ಚು ದಿನ ಬರುತ್ತದೆ. ಕಡಿಮೆ ಬೆಲೆಯ ಬ್ಲೂಟೂತಿನಲ್ಲಿ ಕೆಲವೊಮ್ಮೆ ವಿಡಿಯೋದ ತುಟಿ ಮೊದಲು ಅಲ್ಲಾಡಿ ಮಾತು ಆಮೇಲೆ ಬರುತ್ತದೆ. ವೈರಿನದಕ್ಕೆ ಚಾರ್ಜಿನ ಗೋಳಿಲ್ಲ, ಅದೇ ಬೆಲೆಗೆ ಧ್ವನಿಯೂ ಹೆಚ್ಚು ಸ್ವಚ್ಛ, ಆದರೆ ಪಿನ್ನಿನ ಬುಡದಲ್ಲಿ ಬೇಗ ಮುರಿಯುತ್ತದೆ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಬಾರದು. ನಿಮ್ಮ ಫೋನು, ನಿಮಗೆ ಗೊತ್ತಿರುವ ಹಾಡು, ಎರಡನ್ನೂ ತೆಗೆದುಕೊಂಡು ಹೋಗಿ ಕೇಳಿ ನೋಡಬೇಕು.

ನಾನೂ ಹಾಗೆಯೇ ಕೇಳುತ್ತಿದ್ದೆ. ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರು ಮೂರನೆಯ ಡಬ್ಬಿ ಬಿಚ್ಚುವ ಹೊತ್ತಿಗೆ ನನ್ನನ್ನೇ ನೋಡುತ್ತಾ ನಿಂತರು.

"ಮೇಡಂ, ಆ ಕಡೆ ಕಿವಿಗ ಏನಾರ ಆಗದಾ?"

"ಏನಿಲ್ಲ. ಅಭ್ಯಾಸ."

"ಒಂದೇ ಕಿವೀಲಿ ಕೇಳೋದು, ಅರ್ಧ ರೇಟ್ಗ ಕೊಡಿ ಅಂತ ಕೇಳ್ಬುಡ್ಬ್ಯಾಡಿ ಮತ್ತ."

ಹೌದು, ಪ್ರತಿ ಅಂಗಡಿಯಲ್ಲೂ ನಾನು ಎಡಗಡೆಯದನ್ನು ಮಾತ್ರ ಕಿವಿಗೆ ಇಟ್ಟುಕೊಂಡಿದ್ದೆ. ಬಲಗಡೆಯದನ್ನು ಬೆರಳಲ್ಲಿ ಹಿಡಿದುಕೊಂಡಿರುತ್ತಿದ್ದೆ. ಅಂಕ ಕೊಟ್ಟದ್ದೆಲ್ಲ ಅರ್ಧಕ್ಕೆ.

ಹಾಳೆಯನ್ನು ಗೆಳತಿ ಒಂದು ದಿನ ನನ್ನ ಮಡಿಲಿನಿಂದ ಎತ್ತಿಕೊಂಡು ಓದಿದಳು. "ನನ್ಗ ಗಂಡು ಗೊತ್ತು ಮಾಡ್ದಾಗ್ಲೂ ನಮ್ಮಪ್ಪ ಇಷ್ಟ್ ಇಚಾರಿಸ್ನಿಲ್ಲ ಕಣಮ್ಮಿ. ಇದ್ರಲ್ಲಿ ನನ್ದೂ ಅದಲ್ಲ?"

ಇತ್ತು. ಅವಳ ನೆಕ್‌ಬ್ಯಾಂಡಿಗೂ ನಾನು ಅಂಕ ಕೊಟ್ಟಿದ್ದೆ. ಧ್ವನಿಗೆ ನಾಲ್ಕು. ಅದನ್ನು ನಾನು ಕಿವಿಗೆ ಇಟ್ಟುಕೊಂಡೇ ಇರಲಿಲ್ಲ.

"ನಾಕಾ?" ಎಂದಳು. "ನಿನ್ಗ ಕೇಳುಸ್ದಂಗೇ ಪೇಲು ಮಾಡ್ಬುಟ್ಯಲ್ಲ." ಅಷ್ಟರಲ್ಲಿ ಫೋನು ಬಂತು, ಹಾಳೆ ಮಡಿಲಿಗೆ ವಾಪಸ್ಸು ಬಂತು.

ನವೆಂಬರ್ 7, ಶುಕ್ರವಾರ. ಹಿಂದಿನ ರಾತ್ರಿಯ ಗಾಳಿಗೆ ಎಲ್ಲೋ ಲೈನು ಕಡಿದಿತ್ತಂತೆ, ಅವರು ಬೆಳಗ್ಗೆಯೇ ಕೆಲಸಕ್ಕೆ ಹೋಗಿದ್ದರು. ಫೋನು ಬರಲಿಲ್ಲ. ಗೆಳತಿ ನೆಕ್‌ಬ್ಯಾಂಡು ತೆಗೆದು ಬ್ಯಾಗಿಗೆ ಹಾಕಿದಳು. ಈಗ ವೈರು ಹಿಡಿಯುತ್ತಾಳೆ ಎಂದು ಕಾದೆ. ಅವಳು ನೇತಾಡುತ್ತಿದ್ದ ಬಲಗಡೆಯದನ್ನು ನೋಡಿ, "ಅದ್ಯಾಕ ಇದ್ನ ಇಂಗ ನೇತಾಕಂಡಿದ್ದೀಯ ತಿಂಗ್ಳಿಂದ? ಕಿವಿಗ ಆಕಬಾರ್ದಾ?" ಎಂದಳು.

"ಅದು ನಿಂದು."

"ನನ್ದಾ?"

"ನೀನೇ ತಾನೆ ಪಾಲು ಮಾಡಿದ್ದು? ತಂದ ದಿನ. ಎಡ ಫೋನು ನಿಂಗೆ ಅಂದೆ."

ಅವಳು ನನ್ನ ಮುಖವನ್ನೇ ನೋಡಿದಳು. "ಎಡ ಬಲ ಅಂತ ನಾನೆಲ್ಲಂದೆ? ಎಡ್‌ಪೋನು ನಿಂಗ ಅಂದೆ. ಎಡ್‌ಪೋನು. ಅಂಗಡೀಲಿ ಏನಂತ ಕೇಳಿ ಈಸ್ಕತರೋ, ಅದು."

"ಹೆಡ್‌ಫೋನಾ?"

"ಅದೇ ಅನ್ನು, ಎಡ್‌ಪೋನು."

ಅವಳ ಬಾಯಲ್ಲಿ ಅವಳ ಊರೇ ಅನೂರು. ಹಾಲು ಆಲು, ಹೋಗು ಓಗು. ಅವನ್ನೆಲ್ಲ ನಾನು ಕಿವಿಯಲ್ಲೇ ಸರಿಮಾಡಿಕೊಳ್ಳುತ್ತೇನೆ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಅನ್ನುವುದು ಇಯರ್‌ಫೋನು. ಎಡ್‌ಪೋನು ಎಂದಾಗ ನನಗೆ ಕೇಳಿಸಿದ್ದು ಎಡ. ಎಡದ್ದು ನನಗಾದರೆ ಬಲದ್ದು ಅವಳಿಗೆ ಎಂದುಕೊಂಡು, ಆ ದಿನವೇ ಅವಳ ಕಿವಿಗೆ ಇಟ್ಟಿದ್ದೆ.

"ನೀನು ಬಸ್ಸಲ್ಲಿ ಸ್ಪೀಕರ್‌ಲಿ ಆಕಂಡು ಎಲ್ಲಾರ್ ಕೈಲೂ ಉಗುಸ್ಕತಿದ್ದೆ," ಎಂದಳು. "ಪಾಪ ಅಂತ ತಕಂಡ್ ಬಂದು ಕೊಟ್ರ, ಅರ್ಧ ವಾಪಸ್ ತಂದು ನನ್ ಕಿವಿಗೇ ತುರುಕ್ದೆ."

"ಬೇಡ ಅನ್ನಬೋದಿತ್ತು."

"ಎಂಗನ್ಲಿ? ಕೊಟ್ಟಿದ್ನ ಕೊಟ್ಟೋರ್ಗೇ ಪಾಲು ಕೊಡೋರ್ನ ನಾ ಕಂಡೇ ಇರ್ನಿಲ್ಲ. ಇರ್ಲಿ ಅಂತ ಸುಮ್ಗಾದೆ. ನನ್ಗ ಬಸ್ಸಲ್ಲಿ ನಿದ್ದ ಬತ್ತದ ಕಣಮ್ಮಿ, ಆಡು ಅಷ್ಟಕಷ್ಟೆ."

ಎರಡು ವರ್ಷ. ನಾನು ರಾತ್ರಿ ಕೂತು ಮರುದಿನದ ಹಾಡುಗಳನ್ನು ಆರಿಸುತ್ತಿದ್ದೆ, ಮಾರ್ಗದ ಉದ್ದಕ್ಕೆ ಸರಿಯಾಗಿ ಏಳು ಹಾಡು. ಅವಳಿಗೆ ನಿದ್ದೆ ಬರುತ್ತಿತ್ತಂತೆ. ಹುಡುಗನ ಮೇಲೆ ಪಟ್ಟ ಹೊಟ್ಟೆಕಿಚ್ಚಿಗೆ ಈಗ ನಿಲ್ಲಲು ಜಾಗವೇ ಇರಲಿಲ್ಲ. ಅವರು ನನ್ನಿಂದ ಏನನ್ನು ಕಿತ್ತುಕೊಂಡರು? ನಿದ್ದೆ ತಡೆದುಕೊಂಡು ಕೂತ ಒಂದು ಕಿವಿಯನ್ನು.

"ಹಾಗಾದರೆ ಯಾಕೆ ಹಾಕ್ಕೋತಿದ್ದೆ, ಅಷ್ಟು ದಿನ?" ಎಂದೆ. ಧ್ವನಿ ಸ್ವಲ್ಪ ಗಟ್ಟಿಯಾಗಿತ್ತು, ಮುಂದಿನ ಸೀಟಿನವರು ತಿರುಗಿದರು.

ಅವಳು ಕಿಟಕಿಯ ಕಂಬಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. "ವೈರು ಮೋಟು ಅಲ್ವ. ನೀನು ಆ ಕಡೀಕ್ ತಿರುಗಿ ಬ್ಯಾರೇರ್ ಜೊತ ಕತ ಸುರು ಮಾಡಂಗಿರ್ನಿಲ್ಲ. ಅದು ನನ್ಗ ಸರಿಯಾಗಿತ್ತು."

ಸಂತೆಮರಹಳ್ಳಿಯ ಕಡೆಗೆ ಹೋಗುವ ಒಬ್ಬ ಹೆಂಗಸು ನಮ್ಮಿಬ್ಬರ ಕಾಲಿನ ಮೇಲೆ ಸೊಪ್ಪಿನ ಮೂಟೆ ಇಟ್ಟು ಸರಿಯಾಗಿ ನಿಂತುಕೊಂಡರು. ಆಮೇಲೆ ನಾನು ಬಲಗಡೆಯದನ್ನು ತೆಗೆದು ನನ್ನ ಬಲಗಿವಿಗೆ ಹಾಕಿಕೊಂಡೆ.

ಬಾಯಿಪಾಠವೆಂದುಕೊಂಡಿದ್ದ ಹಾಡು ಅದು. ಅದರಲ್ಲಿ ಒಂದು ಕೊಳಲಿತ್ತು. ಹಾಡುವವರು ಒಂದು ಸಾಲು ಮುಗಿಸಿದ ಮೇಲೆ ಬಲಗಡೆಯಿಂದ ಅದು ಉತ್ತರ ಕೊಡುತ್ತಿತ್ತು. ನನ್ನ ಪಾಲಿಗೆ ಬಂದದ್ದು ತಬಲ. ಹಾಡಿನ ನಡುವೆ ತಬಲ ಸುಮ್ಮನಾಗುವ ಜಾಗವೊಂದಿದೆ. ಅಲ್ಲಿ ಏನೂ ಇಲ್ಲವೆಂದು ಎರಡು ವರ್ಷ ಅಂದುಕೊಂಡಿದ್ದೆ. ಅಲ್ಲಿ ಪೂರ್ತಿ ಕೊಳಲೇ ಇತ್ತು.

"ಇದರಲ್ಲಿ ಕೊಳಲಿದೆ ಅಂತ ಯಾಕೆ ಹೇಳಲಿಲ್ಲ?"

"ನಿಂಗೂ ಕೇಳುಸ್ತದ ಅನ್ಕಂಡೆ," ಎಂದಳು. "ಅದೊಂದೇ ಚೆನ್ನಾಗಿತ್ತು. ಅದು ಬಂದಾಗ ಮಾತ್ರ ಎಚ್ರ ಆಯ್ತಿದ್ದೆ."

ಹೊಟ್ಟೆಕಿಚ್ಚು ಹೊಸದಾಗಿ ಹತ್ತಿಕೊಂಡಿತು. ಹಾಡು ಬೇಡದವಳಿಗೆ ಕೊಳಲು, ಆರಿಸಿ ತಂದವಳಿಗೆ ತಾಳ. ಆದರೆ ಈ ಸಲದ ಉರಿಯಲ್ಲಿ ಸ್ವಲ್ಪ ನಗುವೂ ಸೇರಿಕೊಂಡಿತ್ತು.

ಅವಳ ಮದುವೆ ಮಾಘದಲ್ಲಿ. ಆಮೇಲೆ ಅವಳು ಯಳಂದೂರಿನ ಆ ಕಡೆಯಿಂದ ಅಂಗಡಿಗೆ ಬರುತ್ತಾಳೆ, ನಾನು ಈ ಕಡೆಯಿಂದ. ಹನೂರಿನ ಬಸ್ಸಿನಲ್ಲಿ ಬ್ಯಾಗಿಟ್ಟು ಸೀಟು ಹಿಡಿಯುವವರು ಇರುವುದಿಲ್ಲ. ಅದನ್ನು ನೆನೆದು, ಶುಕ್ರವಾರ ಸಂಜೆ ಐದು ಕಾಲಂನ ಹಾಳೆಯನ್ನು ಹರಿದು, ಅದೇ ಬಸ್ ನಿಲ್ದಾಣದ ಅಂಗಡಿಗೆ ಹೋದೆ. ಇಬ್ಬರು ಒಂದೇ ಫೋನಿನಿಂದ ಪೂರ್ತಿ ಹಾಡು ಕೇಳಬೇಕು, ಏನಿದೆ ಎಂದು ಕೇಳಿದೆ. ಎರಡು ಬ್ಲೂಟೂತಿಗೆ ಒಟ್ಟಿಗೆ ಹಾಡು ಕಳಿಸುವುದು ಎಲ್ಲ ಫೋನಿನಲ್ಲೂ ಇಲ್ಲ, ನನ್ನದರಲ್ಲಿ ಇಲ್ಲವೇ ಇಲ್ಲ. ಅವರು ಡ್ರಾಯರಿನಿಂದ ಒಂದು ಜಾಯಿಂಟ್ ಪಿನ್ನು ತೆಗೆದರು: ಒಂದು ಕಡೆ ಫೋನಿಗೆ, ಇನ್ನೊಂದು ಕಡೆ ಕವೆಯ ಹಾಗೆ ಎರಡು ತೂತು. ಅದನ್ನೂ, ವೈರಿನ ಹೊಸ ಇಯರ್‌ಫೋನೊಂದನ್ನೂ ಕೊಂಡೆ. ಈ ಸಲ ಎರಡೂ ಕಿವಿಯಲ್ಲಿ ಕೇಳಿಯೇ ಕೊಂಡೆ. ಅಂಗಡಿಯವರು, "ಈಗ ಪೂರ್ತಿ ರೇಟು ಕೊಡ್ಬೋದು ಮೇಡಂ," ಎಂದರು.

ನಿನ್ನೆ ಶನಿವಾರ ಬಸ್ಸಿನಲ್ಲಿ ಅದನ್ನು ಸಿಕ್ಕಿಸಿದೆವು. ಹುಡುಗನ ಫೋನು ಬಂದಿತ್ತು. ಮಾಂಬಳ್ಳಿಯ ಹತ್ತಿರ ಬರುವಷ್ಟರಲ್ಲಿ ಗೆಳತಿ ತಾನಾಗಿಯೇ "ಆಮೇಕ್ ಮಾಡ್ತೀನಿ" ಎಂದು ಇಟ್ಟಳು. ಹೊಸದು ಅವಳು ಹಾಕಿಕೊಳ್ಳಲಿ ಎಂದೆ. ಕೇಳಲಿಲ್ಲ, ಹಳದಿಯಾದದ್ದನ್ನೇ ಎರಡೂ ಕಿವಿಗೆ ಹಾಕಿಕೊಂಡಳು. ಅವಳ ತುದಿಯನ್ನು ಚುಚ್ಚಿದ ಕೂಡಲೇ ನನ್ನ ಕಿವಿಯಲ್ಲಿ ಹಾಡಿನ ಸದ್ದು ಅರ್ಧಕ್ಕಿಳಿಯಿತು.

"ನಿಂಗೆ ಹೇಗೆ ಕೇಳ್ತಿದೆ?"

"ಗುಯ್ ಅಂತದ," ಎಂದಳು. ಕಣ್ಣು ಮುಚ್ಚಿದ್ದಳು.

ತುದಿಗಳನ್ನು ಅದಲುಬದಲು ಮಾಡಿದೆ. ಹಾಗೆಯೇ. ಫೋನಿನ ಧ್ವನಿ ಏರಿಸಿದರೆ ಅವಳಿಗೆ ಕಿವಿ ಗಡಚಿಕ್ಕುತ್ತದೆ, ಇಳಿಸಿದರೆ ನನಗೆ ಬಸ್ಸಿನ ಇಂಜಿನ್ ಮಾತ್ರ. ನನಗೆ ಅರ್ಥವಾದಷ್ಟು ಮಟ್ಟಿಗೆ, ಎರಡು ಬೇರೆ ಬೇರೆ ಇಯರ್‌ಫೋನನ್ನು ಒಂದೇ ಪಿನ್ನಿಗೆ ಹಾಕಿದರೆ ಒಂದು ಹೆಚ್ಚು ಎಳೆದುಕೊಳ್ಳುತ್ತದೆ. ಹಳೆಯದರ ಜೋಡಿ ಈಗ ಯಾವ ಅಂಗಡಿಯಲ್ಲೂ ಇಲ್ಲ. ಹೊಸದನ್ನೇ ಇನ್ನೊಂದು ತರೋಣವೆಂದರೆ ಅವಳು ಹಳೆಯದನ್ನು ಬಿಡುವುದಿಲ್ಲ, ನಾನು ಕೇಳಿದ್ದಾಯಿತು.

ಹಳೆಯದೊಂದು ಹೊಸದೊಂದನ್ನು ಜಾಯಿಂಟ್ ಪಿನ್ನಿಗೆ ಹಾಕಿ, ಇಬ್ಬರಿಗೂ ಸಮನಾಗಿ ಕೇಳುವಂತೆ ಮಾಡುವ ಉಪಾಯ ಇದೆಯೇ? ಎರಡು ಕಡೆಗೂ ಬೇರೆ ಬೇರೆ ಧ್ವನಿ ತಿರುಪಿರುವ ಪಿನ್ನು ಕಡಿಮೆ ಬೆಲೆಗೆ ಎಲ್ಲಿ ಸಿಗುತ್ತದೆ? ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಮಾಘಕ್ಕೆ ಮೊದಲು ಬರೆದರೆ ಹೆಚ್ಚು ಉಪಕಾರ.