ಗೋಡೆಯೊಳಗಿನ ಮೂವತ್ತನಾಲ್ಕು ಡಿಗ್ರಿ

ಕಳೆದ ವಾರ ದೇವದುರ್ಗದಲ್ಲಿ ಒಂದು ಗೋಡೆಗೆ ಜ್ವರ ಬಂದಿತ್ತು.

ನಗಬೇಡಿ. ಅಳೆದವನು ನಾನೇ. ಮುಂಜಾನೆ ಏಳು ಗಂಟೆ, ಒಳ್ಳೆಯ ಚಳಿ. ಉಳಿದ ಗೋಡೆಯೆಲ್ಲ ಹತ್ತೊಂಬತ್ತು ಡಿಗ್ರಿ. ನಡುವೆ ಒಂದು ಮೊಳದಷ್ಟು ಜಾಗ ಮಾತ್ರ ಇಪ್ಪತ್ತೆಂಟು.

ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ರಾಯಚೂರಿನಲ್ಲಿ ನನ್ನದು ಫ್ರಿಜ್, ಎ.ಸಿ. ರಿಪೇರಿ ಅಂಗಡಿ. ಪೋತ್ನಾಳದ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಓದು ನಿಲ್ಲಿಸಿದೆ. ಕೈ ಮಾತ್ರ ಇದುವರೆಗೂ ನಿಲ್ಲಿಸಿಲ್ಲ. ಗುಂಡಿ ಒತ್ತಿದರೆ ಎದುರಿನ ವಸ್ತು ಎಷ್ಟು ಬಿಸಿ ಎಂದು ತೋರಿಸುವ ಟೆಂಪರೇಚರ್ ಗನ್ ಸದಾ ಸೊಂಟದಲ್ಲಿರುತ್ತದೆ. ‘ಅಮರೇಶ ಮಿಸ್ತ್ರಿ ಹೇಳಿದರೆ ಮುಗೀತು’ ಎಂದು ಮಾನ್ವಿಯವರೆಗೂ ಹೆಸರಿದೆ. ಆ ಹೆಸರನ್ನು ಯಾರೂ ನನಗೆ ಪುಕ್ಕಟೆ ಕೊಟ್ಟಿಲ್ಲ.

ಆವತ್ತು ಹೋಗಿದ್ದು ಸುಶೀಲಾ ಟೀಚರ್ ಮನೆಗೆ. ಏಳನೇ ಕ್ಲಾಸಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ರಿಟೈರ್ ಆಗಿ ದೇವದುರ್ಗದಲ್ಲಿದ್ದಾರೆ. ಅವರ ಫ್ರಿಜ್ ತಣ್ಣಗಾಗುತ್ತಿರಲಿಲ್ಲ. ಬಾಗಿಲಿನ ರಬ್ಬರ್ ಸಡಿಲಾಗಿತ್ತು. ಹತ್ತು ನಿಮಿಷದ ಕೆಲಸ.

ಎದ್ದು ಕೈ ಒರೆಸಿಕೊಳ್ಳುವಾಗ ನೋಡಿದೆ, ಟೀಚರ್ ಹಿಂದಿನ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ.

‘ಚಳಿಗಾಲದಾಗ ದಿನಾ ಇಲ್ಲೇ ಕೂಡತೀನಪ. ಈ ಜಾಗ ಬೆಚ್ಚಗ ಅದ. ಬೆನ್ನಿಗೆ ಭಾಳ ಹಿತ ಆಗ್ತದ.’

‘ಬರೇ ಬೆಚ್ಚಗೇನ್ರಿ?’

‘ಕಿವಿ ಇಟ್ರ ಗುಂಯ್ ಅಂತದ.’

ಗೋಡೆ ಬಿಸಿ. ಒಳಗೆ ಗುಂಯ್. ನನ್ನ ಕಸುಬಿನಲ್ಲಿ ಇದಕ್ಕೆ ಒಂದೇ ಅರ್ಥ. ಒಳಗಿನ ವೈರು ಸುಡುತ್ತಿದೆ.

‘ಟೀಚರ್, ಮೊದಲು ಎದ್ದೇಳ್ರಿ ಅಲ್ಲಿಂದ!’

ಮೇನ್ ಸ್ವಿಚ್ ತೆಗೆದೆ. ಕಿವಿ ಇಟ್ಟೆ. ಗುಂಯ್. ಇನ್ವರ್ಟರ್ ಬಂದ್ ಮಾಡಿದೆ. ಗುಂಯ್. ಮನೆಯಲ್ಲಿ ಒಂದು ಹನಿ ಕರೆಂಟಿಲ್ಲ, ಗೋಡೆ ಮಾತ್ರ ತನ್ನ ಪಾಡಿಗೆ ತಾನು ಹಾಡುತ್ತಿದೆ.

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ ‘ಇದು ಕರೆಂಟ್ ಅಲ್ಲವೇನೋ’ ಎಂದು ಯೋಚಿಸುತ್ತಿದ್ದರು. ನಾನು ಮಿಸ್ತ್ರಿ. ಈ ಮನೆಯ ಕರೆಂಟ್ ಅಲ್ಲವಾದರೆ ಪಕ್ಕದ ಮನೆಯದು ಎಂದು ಯೋಚಿಸಿದೆ. ಆ ಗೋಡೆಯ ಆಚೆ ಬದಿ ಗೌಂಡಿ ಹುಸೇನಪ್ಪನ ಮನೆ. ಅಷ್ಟು ಬಿಸಿಯಾಗುವ ವೈರನ್ನು ಗೋಡೆಯೊಳಗೆ ಮುಚ್ಚಿಡುವವನು ಯಾಕೆ ಮುಚ್ಚಿಡುತ್ತಾನೆ? ಮೀಟರಿಗೆ ಗೊತ್ತಾಗಬಾರದು ಎಂದು.

ಗೋಡೆ ಬೆಚ್ಚಗಿದ್ದರೆ ವೈರು. ವೈರಿದ್ದರೆ ಕಳ್ಳ. ಎರಡೇ ಮೆಟ್ಟಿಲು, ಹತ್ತಿಬಿಟ್ಟೆ.

ಹುಸೇನಪ್ಪ ಹಲ್ಲುಜ್ಜುತ್ತಾ ಅಂಗಳದಲ್ಲಿ ನಿಂತಿದ್ದ. ಕೇಳಿಯೇಬಿಟ್ಟೆ. ಓಣಿಯ ನಾಲ್ಕು ಜನ ಇದ್ದರು. ಅವರೆದುರಿಗೇ.

ಅವನು ಬಾಯಿ ತೊಳೆದುಕೊಂಡ. ನಿಧಾನವಾಗಿ ಬಂದ.

‘ಮಿಸ್ತ್ರಿ, ಮೂವತ್ತು ವರ್ಷ ಆತು ಈ ಊರಾಗ ಗ್ವಾಡಿ ಕಟ್ಟಾಕತ್ತಿ. ಒಬ್ರ ಮನಿ ಒಂದು ಇಟ್ಟಂಗಿ ನನ್ನ ಮನಿಗೆ ಬಂದಿಲ್ಲ. ನೀವು ನನಗ ಕಳ್ಳ ಅಂದ್ರಿ?’

‘ನಾ ಅನ್ನಲಿಲ್ಲಪ, ಗನ್ ಅಂತದ.’

‘ಹಂಗಾದ್ರ ಒಡೀರಿ ಗ್ವಾಡಿ. ವೈರ್ ಸಿಕ್ರ ನಾ ಊರು ಬಿಡತೀನಿ. ಸಿಗಲಿಲ್ಲಂದ್ರ ನೀವ ಕಟ್ಟಬೇಕು, ನನ್ನ ಕೈ ಕೆಳಗ, ಕೂಲಿ ಆಳಾಗಿ.’

ಟೀಚರ್ ‘ಬ್ಯಾಡ್ರಪ್ಪೋ’ ಎನ್ನುತ್ತಲೇ ಇದ್ದರು. ಸುತ್ತಿಗೆ ನನ್ನ ಕೈಯಲ್ಲಿತ್ತು.

ಮೂರು ಏಟಿಗೆ ಪ್ಲಾಸ್ಟರ್ ಬಿತ್ತು. ಒಳಗೊಂದು ತೆಳು ಕಲ್ಲು. ಅದನ್ನು ಸರಿಸಿದರೆ, ಹಳೆಯ ಕಾಲದವರು ದೀಪ ಇಡುತ್ತಿದ್ದ ಮಾಡ. ಅದರ ತುಂಬ, ಒಂದರ ಪಕ್ಕ ಒಂದು ನೇತುಬಿದ್ದ ಹಲಗೆಗಳಂತೆ, ಜೇನುಗೂಡು. ತುಡುವೆ ಜೇನು. ಸಾವಿರಾರು ಹುಳ ಒಂದಕ್ಕೊಂದು ಅಂಟಿಕೊಂಡು ಗುಂಯ್ ಎನ್ನುತ್ತಿದ್ದವು. ಎರಡು ಮಾತ್ರ ಬಂದು ನನ್ನನ್ನು ಕಚ್ಚಿದವು. (ಹುಸೇನಪ್ಪನಿಗೆ ಒಂದೂ ಕಚ್ಚಲಿಲ್ಲ. ನಾನು ಬರೇ ವರದಿ ಮಾಡುತ್ತಿದ್ದೇನೆ.)

ಗನ್ ಹಿಡಿದೆ. ಮೂವತ್ತನಾಲ್ಕು ಡಿಗ್ರಿ.

ಗೋಡೆಯ ಆಚೆ, ಹುಸೇನಪ್ಪನ ಅಂಗಳದ ಕಡೆ, ಮೇಲೆ, ಬೆರಳು ಹೋಗುವಷ್ಟು ತೂತು. ಹುಳಗಳ ಬಾಗಿಲು ಅದೇ.

‘ದಿನಾ ಅಡ್ಡಾಡೋದು ನೋಡ್ತಿದ್ದಿಯಲ್ಲ, ಹೇಳಬೇಕಿಲ್ಲೇನೋ ಹುಸೇನಪ್ಪ?’ ಎಂದರು ಟೀಚರ್.

‘ಇವರು ಕೇಳಿದ್ದು ವೈರ್‌ರೀ. ಹುಳ ಕೇಳಿದ್ರ ಹೇಳ್ತಿದ್ದೆ.’

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ‘ಹುಳ ಬಿಸಿ ಇರಂಗಿಲ್ಲ ಟೀಚರ್. ನೀವ ಕಲಿಸಿದ್ದು’ ಎಂದೆ.

ನಿಜ ಹೇಳಬೇಕೆಂದರೆ, ನನ್ನ ಶಾಲೆಯ ಬದುಕಿನಲ್ಲಿ ಐದಕ್ಕೆ ಐದು ಬಂದಿದ್ದು ಒಂದೇ ಸಲ. ‘ವ್ಯತ್ಯಾಸ ಬರೆಯಿರಿ.’ ಹಾಳೆಯ ನಡುವೆ ಗೆರೆ ಎಳೆದು ಆ ಕಡೆ ಬಿಸಿರಕ್ತದವು, ಈ ಕಡೆ ಶೀತರಕ್ತದವು. ಹಕ್ಕಿ, ಹಸು, ಬಾವಲಿ, ಮನುಷ್ಯ ಆ ಕಡೆ. ಹಾವು, ಕಪ್ಪೆ, ಮೀನು, ಹುಳ ಈ ಕಡೆ. ಗೆರೆ ನೆಟ್ಟಗೆ ಎಳೆದಿದ್ದೀ ಎಂದು ಟೀಚರ್ ಬೆನ್ನು ತಟ್ಟಿದ್ದರು. ಶಾಲೆ ಬಿಟ್ಟ ಮೇಲೂ ಆ ಗೆರೆ ನನ್ನ ತಲೆಯಲ್ಲಿ ನೆಟ್ಟಗೇ ಇತ್ತು.

ಟೀಚರ್ ತಮ್ಮ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿಗೆ ಫೋನ್ ಮಾಡಿದರು. ಆಕೆ ಕೃಷಿ ಓದಿದವಳು, ಹುಳಗಳ ವಿಷಯವೇ ಕಲಿಸುತ್ತಾಳೆ. ಸ್ಪೀಕರ್ ಆನ್ ಮಾಡಿದರು, ನನ್ನ ಸಲುವಾಗಿ.

‘ಒಂದು ಜೇನ್ನೊಣ ಒಂದೇ ಇದ್ರ ಚಳಿಗೆ ತಣ್ಣಗಾಗ್ತದ ಟೀಚರ್. ಎಲ್ಲಾ ಕೂಡಿದ್ವು ಅಂದ್ರ ರೆಕ್ಕಿ ಅಲುಗಾಡಿಸದಂಗ ಎದಿ ಸ್ನಾಯು ಅಷ್ಟ ನಡುಗಿಸಿ ಬಿಸಿ ಮಾಡ್ತಾವ. ಮರಿಗಳಿಗೆ ಬೇಕಲ್ಲ.’

‘ಮತ್ತ ನಾ ಕಲಿಸಿದ ಗೆರಿ?’

‘ಗೆರಿ ಪೂರಾ ಸುಳ್ಳಲ್ರಿ. ಆದ್ರ ದಾಟವ್ರು ಭಾಳ ಮಂದಿ ಅದಾರ. ಹೆಬ್ಬಾವು ತತ್ತಿ ಸುತ್ತ ಸುತ್ಕೊಂಡು ನಡುಗಿ ನಡುಗಿ ಕಾವು ಕೊಡ್ತದ. ಕೆಲವು ಸಣ್ಣ ಬಾವಲಿ ಇರ್ತಾವಲ್ಲ, ಚಳಿಯಾಗ ಮೈಯಾಗಿನ ಬಿಸಿ ತಾವ ಇಳಿಸಿಕೊಂಡು ಜೋತು ಬೀಳ್ತಾವ. ಮುಟ್ಟಿದ್ರ ಸತ್ತದ ಅನ್ನಬೇಕು, ಹಂಗ ತಣ್ಣಗ.’

ಯೋಚಿಸಿ. ನಾನು ಹಳೆಯ ಫ್ರಿಜ್‌ಗಳಿಗೆ ಥರ್ಮೋಸ್ಟಾಟ್ ಹಾಕಿ ಹಾಕಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಇವು ಕರೆಂಟಿಲ್ಲದೆ, ಮಿಸ್ತ್ರಿಯಿಲ್ಲದೆ, ಕತ್ತಲಲ್ಲಿ ಕೂತು ತಮಗೆ ಬೇಕಾದ ಡಿಗ್ರಿ ಹಿಡಿದಿಟ್ಟಿವೆ. ಗ್ಯಾರಂಟಿ ಕಾರ್ಡೂ ಇಲ್ಲ.

‘ಹಂಗಾದ್ರ ನನ್ನ ಐದು ಮಾರ್ಕ್ಸ್, ಟೀಚರ್?’

‘ಮಾರ್ಕ್ಸ್ ನೀನ ಇಟ್ಕೊ. ಗೆರಿ ನಂದು. ಗ್ವಾಡಿ ಒಡದವ ನೀ. ಮೊದಲು ಹುಸೇನಪ್ಪಗೊಂದು ಮಾತು ಹೇಳು.’

ಜೇನನ್ನು ಓಡಿಸಲು ಟೀಚರ್ ಬಿಡಲಿಲ್ಲ. ಚಳಿಗಾಲ ಇನ್ನೂ ಇದೆ, ಬೆನ್ನೂ ಇದೆ. ಕಲ್ಲು ಹಚ್ಚಿ ಮತ್ತೆ ಮುಚ್ಚುವುದೆಂದಾಯಿತು. ಹುಸೇನಪ್ಪ ಕರಣೆ ಹಿಡಿದು ಕೂತ. ನಾನು ಸಿಮೆಂಟು ಕಲಸಿದೆ. ಅವನು ಇಡೀ ಹೊತ್ತು ಮಾತಾಡಿದ್ದು ಎರಡೇ ಶಬ್ದ. ‘ಮಿಸ್ತ್ರಿ, ಸಿಮೆಂಟ್.’ ನಾನು ಬುಟ್ಟಿ ಎತ್ತಿ ಕೊಟ್ಟೆ. ಮತ್ತೆ, ‘ಮಿಸ್ತ್ರಿ, ಸಿಮೆಂಟ್.’

ನಾನೂ ಮಾತಾಡಿದೆ. ‘ಹಳೇ ಮನಿ ವೈರಿಂಗ್ ನೋಡು, ಯಾರಿಗಾದ್ರೂ ಹಂಗ ಅನಸ್ತದ’ ಎಂದೆ. ‘ಗನ್ನಿಗೇನು ಗೊತ್ತಾಗ್ತದ’ ಎಂದೆ. ಕಚ್ಚಿದ ಜಾಗ ಊದಿದ್ದನ್ನು ತೋರಿಸಿದೆ. ಹೇಳಬೇಕಾದ ಆ ಒಂದು ಮಾತನ್ನು ಬಿಟ್ಟು ಉಳಿದೆಲ್ಲ ಹೇಳಿದೆ.

ಕೆಲಸ ಮುಗಿಯಿತು. ಅವನು ತಣ್ಣೀರಿನಲ್ಲಿ ಕೈ ತೊಳೆದುಕೊಂಡು ಬಂದು ಅಂಗೈ ಚಾಚಿದ. ಕೂಲಿ ಕೇಳುತ್ತಿದ್ದಾನೆ ಎಂದುಕೊಂಡೆ. (ನೋಡಿ, ಆಗಲೂ ತಪ್ಪು.)

‘ನಂದೂ ಹಿಡಿದು ನೋಡ್ರಿ.’

ಗನ್ ಹಿಡಿದೆ. ಇಪ್ಪತ್ತಮೂರು.

‘ಹುಳ ಮೂವತ್ನಾಕು. ನಾ ಇಪ್ಪತ್ಮೂರು. ಟೀಚರ್, ಈಗ ನನ್ನ ಯಾವ ಕಡಿ ಬರೀತೀರಿ?’

ಟೀಚರ್ ನನ್ನ ಮುಖ ನೋಡಿದರು. ನಾನು ಗನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾಯಚೂರು ಬಸ್ ಹಿಡಿದೆ.

ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಜೇನು ಗೆರೆ ದಾಟಿ ಬಿಸಿಯಾಗುತ್ತದೆ. ಬಾವಲಿ ಗೆರೆ ದಾಟಿ ತಣ್ಣಗಾಗುತ್ತದೆ. ಹಾವು ಕೂಡ ಮರಿಗಳ ಸಲುವಾಗಿ ಗೆರೆಯ ಆಚೆ ಹೋಗುತ್ತದೆ. ನಾನೊಬ್ಬನೇ ನನ್ನ ಗೆರೆಯ ಈ ಕಡೆ ಗಟ್ಟಿಯಾಗಿ ಕೂತಿದ್ದೇನೆ, ಮಿಸ್ತ್ರಿ ಎಂದೂ ತಪ್ಪುವುದಿಲ್ಲ ಎಂದು.

ಟೀಚರ್ ಪ್ರತಿ ವಾರ ಈ ಅಂಕಣವನ್ನು ಆ ಗೋಡೆಗೆ ಬೆನ್ನು ಕೊಟ್ಟು ಕೂತು, ಪಾಠ ಓದಿದಂತೆ ಗಟ್ಟಿಯಾಗಿ ಓದುತ್ತಾರೆ. ಆಚೆ ಅಂಗಳದಲ್ಲಿ ಹುಸೇನಪ್ಪನಿಗೆ ಪೂರಾ ಕೇಳಿಸುತ್ತದಂತೆ. ಟೀಚರ್, ಮುಂದಿನ ಸಾಲು ಇನ್ನಷ್ಟು ಜೋರಾಗಿ ಓದಿರಿ. ನಡುವೆ ಗೋಡೆ ಇದೆ, ಜೇನೂ ಇದೆ.

ಹುಸೇನಪ್ಪ, ತಪ್ಪು ನನ್ನದು.