ಎಡಕ್ಕೆ ಹೊಡೆಯುವ ಪಿಸ್ತೂಲು

ನನ್ನ ಕೈ ನಡುಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಂದು ಕಾಲಕ್ಕೆ ಕಾರವಾರದ ಪೊಲೀಸರಿಗೆ ಅದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. ಹಾರವಾಡದ ದಂಡೆಯಲ್ಲಿ ಆಯಿಯ ಮಗ್ಗುಲಿಗೆ ಕೂತು ಬಂಗಡೆ ಸೀಳುತ್ತ ಬೆಳೆದವಳು ನಾನು. ಒಂದು ದಿನವೂ ಬೆರಳು ಕೊಯ್ದುಕೊಂಡವಳಲ್ಲ. ಅಂಥವಳು ಪಿಎಸ್‌ಐ ಆಗಿ ಸೊಂಟಕ್ಕೆ ಪಿಸ್ತೂಲು ಕಟ್ಟಿದ್ದೇ ತಡ, ಊರಿನ ಗಂಡಸರಿಗೆಲ್ಲ ನನ್ನ ಕೈಯದೇ ಚಿಂತೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೈತಖೋಲದಿಂದ ಅಂಕೋಲೆಯ ತನಕ ಕರಾವಳಿಯ ರಾತ್ರಿ ಗಸ್ತಿಗೆ ಹೊಸದಾಗಿ ಅಧಿಕಾರಿಗಳನ್ನು ಆರಿಸುತ್ತಿದ್ದರು. ನನಗೆ ಆ ಗಸ್ತು ಬೇಕಿತ್ತು, ಬೇಕೇ ಬೇಕಿತ್ತು. ಆ ದಂಡೆ ನನ್ನದು, ಆ ಜನ ನನ್ನವರು. ಯಾವ ಬೋಟು ಯಾರದ್ದೆಂದು ಇಂಜಿನ್ನಿನ ಸದ್ದಿನಲ್ಲೇ ಹೇಳಬಲ್ಲೆ. ಆದರೆ ಗಸ್ತಿಗೆ ಸೇರಲು ಪಿಸ್ತೂಲಿನ ಪರೀಕ್ಷೆ ಪಾಸಾಗಬೇಕು, ಹಗಲಲ್ಲೊಮ್ಮೆ, ಮುಸ್ಸಂಜೆಯ ಮಬ್ಬಿನಲ್ಲೊಮ್ಮೆ. ಫೇಲಾದರೆ ಠಾಣೆಯ ಮೇಜಿನ ಹಿಂದೆ ಕೂತು ಅತ್ತೆ-ಸೊಸೆಯ ಜಗಳ ಬಿಡಿಸುತ್ತಿರಬೇಕು. ಹೆಣ್ಣು ಅಧಿಕಾರಿ ಹುಟ್ಟಿದ್ದೇ ಅದಕ್ಕೆ ಎಂದು ಎಲ್ಲರೂ ನಂಬಿದ್ದರು.

ಮೊದಲ ಸಲದ ಪರೀಕ್ಷೆಯಲ್ಲಿ ನಾನು ಹಾರಿಸಿದ ಗುಂಡುಗಳೆಲ್ಲ ಎಡಕ್ಕೆ ಹೋದವು. ಹೋದವು ಅಂದರೆ ಚೆಲ್ಲಾಪಿಲ್ಲಿಯಾಗಿ ಅಲ್ಲ. ಒಂದರ ಪಕ್ಕ ಒಂದು, ಒಂದು ಹಿಡಿಯಷ್ಟು ಜಾಗದಲ್ಲಿ, ಗುಂಪಾಗಿ. ನಡುಗುವ ಕೈಯಿಂದ ಗುಂಪು ಬೀಳುವುದಿಲ್ಲ. ಪಿಸ್ತೂಲಿನ ಹಿಂದುಗಡೆಯ ಸೈಟಿನ ಕಚ್ಚಿನಲ್ಲಿ ಮುಂದಿನ ಮೊನೆಯನ್ನು ಕೂರಿಸಿ ಗುರಿ ಹಿಡಿಯುತ್ತೇವಲ್ಲ, ಆ ಹಿಂದಿನ ಸೈಟೇ ಓರೆಯಾಗಿ ಕೂತಿತ್ತು. ಹಾಗೆಂದು ನಾನು ಹೇಳಿದ್ದೇ ತಪ್ಪಾಯಿತು.

“ಕುಣಿಯಲಾರದವಳು ಅಂಗಳ ಡೊಂಕು ಅಂದ್ಲಂತೆ,” ಎಂದರು ಇನ್ಸ್‌ಪೆಕ್ಟರ್ ಸಾಹೇಬರು. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂಗಳ ನಿಜವಾಗಿಯೂ ಡೊಂಕಿರಬಹುದು ಎಂದು ಆ ಗಾದೆ ಕಟ್ಟಿದವರಿಗೆ ಹೊಳೆಯಲೇ ಇಲ್ಲವೆ? ಬಗ್ಗಿ ನೋಡಿದವರು ಒಬ್ಬರಾದರೂ ಇದ್ದರೇ? ನಾನು ಆಯುಧ ರಿಪೇರಿಯ ಹೆಡ್ ಕಾನ್‌ಸ್ಟೆಬಲ್ ಕೈಗೆ ಪಿಸ್ತೂಲು ಕೊಟ್ಟು, “ನೀವೇ ಹೊಡೀರಿ,” ಎಂದೆ. ಅವರದೂ ಎಡಕ್ಕೇ ಹೋಯಿತು, ನನ್ನ ಗುಂಪಿನ ಪಕ್ಕಕ್ಕೇ. ಅವರು ಸಾಹೇಬರ ಮುಖ ನೋಡಿ, “ಗಾಳಿ ಮೇಡಂ. ಕಡಲ ಗಾಳಿ ಜೋರದೆ ಇವತ್ತು,” ಎಂದರು. ಗಂಡಸಿಗಾದರೆ ಗಾಳಿ, ನನಗಾದರೆ ಕೈ! ಒಂದು ತೆಂಗಿನ ಗರಿಯೂ ಅಲ್ಲಾಡುತ್ತಿರಲಿಲ್ಲ ಆ ಹೊತ್ತಿಗೆ.

ಬೇಕಾದಂತೆ ಎಡಬಲ ಸರಿಸಲು ಬರುವ, ಮಬ್ಬಿನಲ್ಲೂ ಕಾಣುವ ಸೈಟು ಬೇಕೆಂದು ಹಟ ಹಿಡಿದೆ. “ಎಲ್ರೂ ಮನೆ ಕಟ್ಟೋದಕ್ಕೆ ಸೈಟ್ ಕೇಳ್ತಾರೆ, ನೀವೊಬ್ರು ಪಿಸ್ತೂಲಿಗೆ ಕೇಳ್ತೀರಿ,” ಎಂದು ಸ್ಟೋರಿನವರು ಚೇಷ್ಟೆ ಮಾಡಿದರು. ಮಾಡಲಿ. ಅವರಿಗೆ ತಿಳಿಯಲೆಂದು, “ರೇಡಿಯಂ ಇರ್ತದಲ್ಲ, ಕತ್ತಲಲ್ಲಿ ಹೊಳೆಯೋದು, ಅಂಥದ್ದು,” ಎಂದೆ. ಗಡಿಯಾರದ ಮುಳ್ಳಿನ ಹಸಿರು ಹೊಳಪು ನನ್ನ ಮನಸ್ಸಿನಲ್ಲಿತ್ತು. ನಮ್ಮ ಕಡೆ ಹೊಳೆಯುವುದೆಲ್ಲ ರೇಡಿಯಂ ಎಂಬುದು ಮರೆತೇ ಹೋಗಿತ್ತು.

ಸ್ಟೋರಿನಿಂದ ಪಿಸ್ತೂಲು ತಿರುಗಿ ಬಂದಾಗ ಅದರ ಸೈಟಿನ ಮೇಲೆ ಕೆಂಪು ಸ್ಟಿಕ್ಕರಿನ ಚೂರು ಅಂಟಿಸಿತ್ತು. ಆಟೋದ ಬೆನ್ನಿಗೆ ದೇವರ ಹೆಸರು ಕತ್ತರಿಸಿ ಹಚ್ಚುತ್ತಾರಲ್ಲ, ಅದೇ ರೇಡಿಯಂ. ಬೆಳಕು ಬಿದ್ದರೆ ಮಾತ್ರ ಹೊಳೆಯುವಂಥದ್ದು. ಗಸ್ತಿಗೆ ಹೋಗುವಾಗ ಹೆಡ್‌ಲೈಟ್ ಹಾಕಿದ ಲಾರಿಯೊಂದನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೋಗಲೆ? ಉಗುರಿನಿಂದ ಕೆರೆದು ಕಿತ್ತೆ. ಕೀಳುವಾಗ ಕಣ್ಣಲ್ಲಿ ನೀರು ಬಂತು. ಅಳುವಲ್ಲ ಅದು, ಸಿಟ್ಟು.

ಮೇಲಿನ ಕಚೇರಿಯ ಆಯುಧ ವಿಭಾಗದ ಬೆನ್ನು ಬಿದ್ದೆ. ಪೀಡೆ ತೊಲಗಲೆಂದೋ ಏನೋ, ಕೊನೆಗೆ ಪ್ರಯೋಗಕ್ಕೆಂದು ಎರಡು ಬಗೆಯ ಸೈಟು ಕಳಿಸಿದರು, ಒಂದನ್ನು ಹಾಕಿ ನೋಡಬಹುದು ಎಂಬ ಅಪ್ಪಣೆಯೊಂದಿಗೆ. ಮೊದಲನೆಯದು ಸ್ಪರ್ಧೆಗೆ ಹೊಡೆಯುವವರದ್ದು. ಎತ್ತರ, ಚೂಪು ಅಂಚು, ನೋಡಲು ಬಲು ಚಂದ. ಸಾಹೇಬರಿಗೆ ಅದೇ ಹಿಡಿಸಿತು. ಸೊಂಟದ ಚೀಲಕ್ಕೆ ಹಾಕಿ ಎಳೆದು ತೋರಿಸಿದೆ. ಬಲೆಗೆ ಸಿಕ್ಕ ಏಡಿಯ ಹಾಗೆ ಸಿಕ್ಕಿಕೊಂಡು ಕೂತಿತು. ಎರಡನೆಯದು ಗಿಡ್ಡ, ಅಂಚು ಮೊಂಡು. ಎಡಬಲಕ್ಕೊಂದು, ಮೇಲೆ ಕೆಳಗೊಂದು ಸ್ಕ್ರೂ. ಹಿಂದೆ ಎರಡು, ಮುಂದಿನ ಮೊನೆಯಲ್ಲಿ ಒಂದು, ತಾವಾಗಿಯೇ ಹೊಳೆಯುವ ಹಸಿರು ಚುಕ್ಕೆಗಳು. ಮೂರೂ ಒಂದೇ ಸಾಲಿಗೆ ಬಂದರೆ ಗುರಿ ಸಿಕ್ಕಿತೆಂದು ಲೆಕ್ಕ. ನಾನು ಇದನ್ನೇ ಆರಿಸಿದೆ.

ಹೆಡ್ ಕಾನ್‌ಸ್ಟೆಬಲ್ ಹಿತ್ತಾಳೆಯ ಸರಳಿಟ್ಟು ಬಡಿದು ಹಳೆಯ ಸೈಟನ್ನು ಅದು ಕೂತಿದ್ದ ತೋಡಿನಿಂದ ಹೊರಗೆ ತಳ್ಳಿದರು, ಗೊಣಗುತ್ತಲೇ. ಹೊಸದರ ತಳವನ್ನು ಅರದಿಂದ ಚೂರೇ ಚೂರು ಉಜ್ಜಿ ಕೂರಿಸಿದರು, ಮುಂದಿನದನ್ನೂ ಬದಲಿಸಿದರು. ಆಮೇಲೆ ಹೊಡೆದು ನೋಡಿ ಸ್ಕ್ರೂ ತಿರುಗಿಸುವ ಕೆಲಸ. ಹೊಸ ಸೈಟಿನಲ್ಲೂ ಮೊದಲಿಗೆ ಗುಂಡು ಎಡಕ್ಕೇ ಬೀಳುತ್ತಿತ್ತು. ಅದು ಬಲಕ್ಕೆ ಬರಬೇಕಲ್ಲ, ನಾವಿಬ್ಬರೂ ಯೋಚಿಸದೆ ಹಿಂದಿನ ಸೈಟನ್ನು ಎಡಕ್ಕೆ ಸರಿಸಿದೆವು. ಗುಂಡು ಇನ್ನಷ್ಟು ಎಡಕ್ಕೆ! ಮುಖ ಮುಖ ನೋಡಿಕೊಂಡೆವು. ಇಬ್ಬರೂ ದೋಣಿಯವರ ಮನೆಯವರು. ದೋಣಿ ಬಲಕ್ಕೆ ತಿರುಗಬೇಕಾದರೆ ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಬೇಕು; ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ. ಪಿಸ್ತೂಲಿಗೆ ಆ ಲೆಕ್ಕವಿಲ್ಲ. ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಬೇಕು. “ಇದು ದೋಣಿ ಕಾಣದ ಘಟ್ಟದ ಮೇಲಿನವರು ಮಾಡಿದ್ದೇ ಸೈ ಮೇಡಂ,” ಎಂದು ಅವರು ಮೊದಲ ಸಲ ನಕ್ಕರು. ಬಲಕ್ಕೆ ತಿರುಗಿಸಿ, ಹೊಡೆದು, ನೋಡಿ, ಮತ್ತೆ ಕೂದಲೆಳೆಯಷ್ಟು ತಿರುಗಿಸಿ, ಅಂತೂ ನನ್ನ ಗುಂಪು ನಡುವಿಗೆ ಬಂತು. ಅದೇ ಕೈ. ಅದೇ ಗುಂಪು.

ಎರಡನೆಯ ಸಲದ ಪರೀಕ್ಷೆಯಲ್ಲಿ ಹಗಲಿನದೂ ಮುಸ್ಸಂಜೆಯದೂ ಎರಡೂ ಪಾಸಾದೆ. ಮಬ್ಬಿನಲ್ಲಂತೂ ಉಳಿದವರಿಗೆ ತಮ್ಮ ಪಿಸ್ತೂಲಿನ ಮೊನೆಯೇ ಕಾಣುತ್ತಿರಲಿಲ್ಲ. ನನ್ನ ಮೂರು ಹಸಿರು ಚುಕ್ಕೆ ಮಾತ್ರ ಸಾಲಾಗಿ ನಿಂತಿದ್ದವು. ಆ ದಿನ ಅಂಕೋಲೆಯ ಬಸ್ಸಿನಲ್ಲಿ ಕೂತು ಒಬ್ಬಳೇ ನಗುತ್ತಿದ್ದೆ.

ವಾರ ಕಳೆಯುವುದರೊಳಗೆ ಸಾಹೇಬರು ಕರೆದರು. “ಆ ಪಿಸ್ತೂಲು ಸ್ಟೋರಿಗೆ ಕೊಡಿ. ರಾತ್ರಿ ಸೈಟು ಇರೋದು ಅದೊಂದಕ್ಕೇ, ಗಸ್ತಿಗೆ ಹೋಗೋರಿಗೆ ಬೇಕು.”

“ಗಸ್ತಿಗೆ ಹೋಗುವವಳು ನಾನೇ ಅಲ್ವ ಸರ್?”

“ನಿಮ್ಮನ್ನ ರಾತ್ರಿ ಹೊತ್ತು ಕಡಲ ಬದಿಗೆ ಕಳಿಸಿ, ನಾಳೆ ಏನಾದ್ರೂ ಆದ್ರೆ ಉತ್ತರ ಕೊಡೋರು ಯಾರು?”

“ಪರೀಕ್ಷೆ ಪಾಸಾಗಿದ್ದೇನೆ ಸರ್.”

ಅವರು ನಕ್ಕರು, ಸಣ್ಣ ಮಗುವಿಗೆ ತಿಳಿ ಹೇಳುವವರ ಹಾಗೆ. “ಪಾಸಾದದ್ದು ಪಿಸ್ತೂಲು ಮೇಡಂ.”

ತಪ್ಪಿದಾಗ ನನ್ನ ಕೈ, ತಾಗಿದಾಗ ಪಿಸ್ತೂಲು. ಇಷ್ಟು ವರ್ಷ ಕಳೆದರೂ ಆ ಮಾತು ನೆನಪಾದರೆ ನನಗೆ ಊಟ ಸೇರುವುದಿಲ್ಲ. ಪಿಸ್ತೂಲನ್ನು ಸ್ಟೋರಿನ ಮೇಜಿನ ಮೇಲಿಟ್ಟು ಹಿಂತಿರುಗಿ ನೋಡದೆ ಬಂದೆ. ಅದು ನನ್ನ ಜತೆಗೇ ಪಿಎಸ್‌ಐ ಆದವನೊಬ್ಬನ ಪಾಲಾಯಿತು, ಗಸ್ತೂ ಅವನ ಪಾಲಾಯಿತು. ಪರೀಕ್ಷೆಯ ಮಬ್ಬಿನಲ್ಲಿ ಗುಂಡನ್ನೆಲ್ಲ ಮಣ್ಣಿಗೆ ಹೊಡೆದವನು ಅವನು.

ಮರುವಾರ ಅವನು ನನ್ನ ಮೇಜಿನ ಮುಂದೆ ಬಂದು ನಿಂತ. ಅವನ ಹಿಡಿತಕ್ಕೆ ಗುಂಡು ಬಲಕ್ಕೆ ಹೋಗುತ್ತಿತ್ತಂತೆ. “ಅಕ್ಕಾ, ಈ ಸ್ಕ್ರೂ ಯಾವ ಕಡೆ ತಿರುಗಿಸೋದು, ಒಂಚೂರು ಹೇಳು ಮಾರಾಯ್ತಿ,” ಎಂದ.

“ಪಿಸ್ತೂಲನ್ನೇ ಕೇಳು,” ಎಂದೆ. “ಪರೀಕ್ಷೆ ಪಾಸಾದದ್ದು ಅದು.”