ಮೂರು ಕೆಜಿ ಅಕ್ಕಿ

ಮಗಳ ಟ್ಯಾಬ್ಲೆಟ್‌ನಲ್ಲಿ ಇವತ್ತು ಅದೇ ಹಳೆಯ ಕಪ್ಪು-ಬಿಳುಪು ಚಿತ್ರ ಕಂಡಿತು. ರಾಕೆಟ್ ಕೆಟ್ಟರೆ ಗಗನಯಾತ್ರಿಗಳ ನೌಕೆಯನ್ನು ಅದರಿಂದ ಕಿತ್ತು ದೂರ ಒಯ್ಯುವ ವ್ಯವಸ್ಥೆಯ ಪರೀಕ್ಷೆ. ಖಾಲಿ ನೌಕೆ ಪ್ಯಾರಾಚೂಟ್ ಬಿಚ್ಚಿಕೊಂಡು ಸಮುದ್ರಕ್ಕಿಳಿಯುತ್ತದೆ.

ನಾನು ಚಿಕ್ಕವಳಿದ್ದಾಗ, ಪರದೇಶದ ಲೋವರ್ ಹಟ್ ಊರಿನ ನಮ್ಮ ಮನೆಯಲ್ಲಿ ಅಪ್ಪ ಇದನ್ನು ಎಷ್ಟು ಸಲ ಹಾಕುತ್ತಿದ್ದರೋ! "ನೋಡು ಪುಟ್ಟಿ, ಮೊದ್ಲು ಖಾಲಿ ಕಳಿಸ್ಬೇಕು. ಅದು ಸರಿಯಾಗಿ ವಾಪಸ್ ಬಂದ್ರೇನೇ ಮನುಷ್ಯರು," ಎನ್ನುತ್ತಿದ್ದರು. ಮನೆಯಲ್ಲೂ ಎಲ್ಲವನ್ನೂ ಹೀಗೇ ಪರೀಕ್ಷಿಸುವ ಅವರ ಕಾಟಕ್ಕೆ ಅಮ್ಮ ರೋಸಿಹೋಗಿದ್ದಳು. ಅವಳಿಗೆ ದಿನ ತುಂಬಿದಾಗ ಅಪ್ಪ ಮೂರು ಕೆಜಿ ಅಕ್ಕಿಯನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿ, ಹೊಸ ಬೇಬಿ ಸೀಟಿನಲ್ಲಿಟ್ಟು, ಬೆಲ್ಟ್ ಬಿಗಿದು, ಬೀದಿಬೀದಿ ಕಾರು ಓಡಿಸಿದರು. ಗಕ್ಕನೆ ಬ್ರೇಕ್ ಹಾಕಿದರೂ ಗಂಟು ಅಲುಗಲಿಲ್ಲ. ಪಕ್ಕದಲ್ಲಿ ಕೂತಿದ್ದ ನಾನು ಚಪ್ಪಾಳೆ ತಟ್ಟಿದೆ. "ಪಾಸ್!" ಅಂದರು.

ತಂಗಿ ಹುಟ್ಟಿದಳು, ಅಳಲೇ ಇಲ್ಲ. ಆಸ್ಪತ್ರೆಯಿಂದ ಸೀಟು ಖಾಲಿಯೇ ಬಂತು. ಅಪ್ಪ ಅದನ್ನು ಕಾರಿನಿಂದ ಬಿಚ್ಚಿ, ಮಗು ಮಲಗಿದೆಯೇನೋ ಎಂಬಂತೆ ಎರಡೂ ಕೈಯಲ್ಲಿ ಹಿಡಿದು, ಅಲುಗಿಸದೆ ಒಳಗೆ ತಂದರು. ಆ ಚಿತ್ರವನ್ನು ಮತ್ತೆಂದೂ ಹಾಕಲಿಲ್ಲ. ಅಕ್ಕಿಯ ಗಂಟು ಬಿಚ್ಚಲು ಯಾರಿಗೂ ಮನಸ್ಸಾಗಲಿಲ್ಲ.

ತೆರೆಯ ಮೇಲೆ ನೌಕೆ ನೀರು ಮುಟ್ಟಿತು. ಮಗಳು ನನ್ನ ಮುಖ ನೋಡಿ, "ಡೋಂಟ್ ಕ್ರೈ ಅಮ್ಮಾ, ದೇರ್ ವಾಸ್ ನೋಬಡಿ ಇನ್ ಇಟ್," ಎಂದಳು.

"ಹೌದು ಕಂದಾ," ಎಂದೆ. "ಯಾರೂ ಇರ್ಲಿಲ್ಲ."